ಶನಿವಾರ ಎಷ್ಟು ಗಂಟೆಗೆ ಶುರು?

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಹೋಬಳಿಯಲ್ಲಿ ಶನಿವಾರವೆಂದರೆ ಜನ ಸೇರುವ ದಿನ. ಚಿಕ್ಕಮಧುರೆಯ ಶನಿಮಹಾತ್ಮನ ದರ್ಶನಕ್ಕೆ ನೆಲಮಂಗಲದ ಕಡೆಯಿಂದಲೂ ದೊಡ್ಡಬಳ್ಳಾಪುರದ ಕಡೆಯಿಂದಲೂ ಭಕ್ತರು ಬರುತ್ತಾರೆ. ಶ್ರಾವಣ ಮಾಸದಲ್ಲಂತೂ ಕೇಳುವುದೇ ಬೇಡ. ಆದರೆ ಆ ಶನಿವಾರ ಶುರುವಾಗುವುದು ಯಾವಾಗ? ಪಂಚಾಂಗ ನೋಡುವವರು ಸೂರ್ಯೋದಯಕ್ಕೆ ಎನ್ನುತ್ತಾರೆ. ಗೋಡೆಯ ಗಡಿಯಾರ ನಡುರಾತ್ರಿ 12ಕ್ಕೆ ಎನ್ನುತ್ತದೆ. ಎಲ್ಲೋ ದೂರದ ಡೇಟಾ ಸೆಂಟರಿನಲ್ಲಿ ಕೂತ ಸರ್ವರನ್ನು ಕೇಳಿ ನೋಡಿ, ಬೆಳಗ್ಗೆ 5:30ಕ್ಕೆ ಎನ್ನುತ್ತದೆ.

ಮೂರು ಉತ್ತರವೂ ಅವರವರ ಲೆಕ್ಕಕ್ಕೆ ಸರಿ. ಬಾಡಿಗೆಗೆ ಸಿಗುವ ಸರ್ವರುಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಓಡುತ್ತವೆ. ಭಾರತೀಯ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಹಾಗಾಗಿ ಸರ್ವರಿಗೆ ನಡುರಾತ್ರಿ ಆಗುವ ಹೊತ್ತಿಗೆ ನಮ್ಮಲ್ಲಿ ಕಾಫಿಗೆ ನೀರು ಇಟ್ಟಾಗಿರುತ್ತದೆ.

ಯಾವುದೋ ಒಂದು ಶನಿದೇವರ ಗುಡಿಗೆ ಊರಿನ ಹುಡುಗನೊಬ್ಬ ಸೇವಾ ರಸೀದಿಯ ಸಾಫ್ಟ್‌ವೇರ್ ಬರೆದುಕೊಟ್ಟಿದ್ದಾನೆ ಎಂದುಕೊಳ್ಳಿ. ದಿನದ ಲೆಕ್ಕ ತೆಗೆಯುವ ಪುಟ್ಟ ಸ್ಕ್ರಿಪ್ಟ್ ಕೂಡ ಅದರಲ್ಲಿದೆ. ನಸುಕಿನ 4 ಗಂಟೆಯಿಂದಲೇ ರಸೀದಿ ಹರಿಯಲು ಶುರು. ಆದರೆ 5:30ರ ತನಕ ಬಂದ ಹಣವೆಲ್ಲ ಶುಕ್ರವಾರದ ಲೆಕ್ಕಕ್ಕೆ ಹೋಗಿ ಕೂರುತ್ತದೆ. ಸಂಜೆ ಹುಂಡಿ ಪಕ್ಕದ ಮೇಜಿನಲ್ಲಿ ರಸೀದಿ ಪುಸ್ತಕಕ್ಕೂ ಕಂಪ್ಯೂಟರಿನ ಮೊತ್ತಕ್ಕೂ ತಾಳೆ ಹಾಕಿದರೆ ಹೊಂದುವುದಿಲ್ಲ. ಆಗ ಅನುಮಾನ ಬೀಳುವುದು ಕೌಂಟರಿನಲ್ಲಿ ಕೂತವನ ಮೇಲೆ, ಸ್ಕ್ರಿಪ್ಟಿನ ಮೇಲಲ್ಲ. ಕಾಲವಲಯದ ತಪ್ಪುಗಳ ಕೆಟ್ಟ ಗುಣವೇ ಇದು: ಸರ್ವರ್ ಕೆಟ್ಟು ನಿಲ್ಲುವುದಿಲ್ಲ, ಕೆಂಪು ಅಕ್ಷರದಲ್ಲಿ ದೂರು ಕೊಡುವುದಿಲ್ಲ, ತಣ್ಣಗೆ ತಪ್ಪು ಉತ್ತರ ಕೊಡುತ್ತ ಹೋಗುತ್ತದೆ.

ಆದರೆ ಇವಕ್ಕೆ ಒಂದು ಒಳ್ಳೆಯ ಗುಣವೂ ಇದೆ. ತಪ್ಪು ಎಷ್ಟು ಗಂಟೆ, ಎಷ್ಟು ನಿಮಿಷದ್ದು ಎಂದು ಅಳೆದರೆ ಅದರ ಕಾರಣ ಬಹುಮಟ್ಟಿಗೆ ತಾನಾಗಿ ಬಾಯಿ ಬಿಡುತ್ತದೆ. ಕೋಡ್ ತೆರೆದು ಸಾಲು ಸಾಲು ಓದುವ ಮೊದಲು ಒಂದು ಕಾಗದದ ಮೇಲೆ ಎರಡು ಸಮಯ ಬರೆದು ಕಳೆಯಿರಿ. ಸಿಕ್ಕ ಸಂಖ್ಯೆಯೇ ಅರ್ಧ ರೋಗನಿದಾನ.

ಐದೂವರೆ ಗಂಟೆ ಹಿಂದೆ ಬಿದ್ದಿದ್ದರೆ ಯುಟಿಸಿಯನ್ನು ಯಾರೂ ನಮ್ಮ ಸಮಯಕ್ಕೆ ಬದಲಿಸಿಲ್ಲ. ಐದೂವರೆ ಗಂಟೆ ಮುಂದೆ ಓಡಿದ್ದರೆ ಇಬ್ಬರು ಬದಲಿಸಿದ್ದಾರೆ: ಡೇಟಾಬೇಸ್ ಒಮ್ಮೆ, ಅದನ್ನು ನಂಬದ ಪ್ರೋಗ್ರಾಮರ್ ಇನ್ನೊಮ್ಮೆ. ಹನ್ನೊಂದು ಗಂಟೆಯ ತಪ್ಪು ಕಂಡರೆ ಕೂಡಬೇಕಾದಲ್ಲಿ ಕಳೆದಿದ್ದಾರೆ. ಇದಕ್ಕೆ ಪ್ರೋಗ್ರಾಮರನ್ನು ಪೂರ್ತಿ ಬೈಯುವಂತಿಲ್ಲ. ಯುನಿಕ್ಸ್ ಪರಂಪರೆಯ ಪಾಸಿಕ್ಸ್ ನಿಯಮದಲ್ಲಿ ಚಿಹ್ನೆ ತಿರುಗುಮುರುಗು. ಗ್ರೀನಿಚ್‌ನಿಂದ ಪೂರ್ವಕ್ಕಿರುವ ಭಾರತವನ್ನು ಅಲ್ಲಿ ಮೈನಸ್ ಐದೂವರೆ ಎಂದೇ ಬರೆಯಬೇಕು. ನಾವು ಶಾಲೆಯಲ್ಲಿ ಕಲಿತಂತೆ ಪ್ಲಸ್ ಹಾಕಿದರೆ ಮಧುರೆ ಅಟ್ಲಾಂಟಿಕ್ ದಾಟಿ ಅಮೆರಿಕದ ಕಡೆ ಹೋಗಿಬಿಡುತ್ತದೆ.

ಬರೀ ಅರ್ಧ ಗಂಟೆಯ ತಪ್ಪು ಬಂದರೆ, ಕಾಲವಲಯಗಳೆಲ್ಲ ಪೂರ್ಣ ಗಂಟೆಯ ಅಂತರದಲ್ಲೇ ಇರುತ್ತವೆ ಎಂದು ನಂಬಿದವರು ಬರೆದ ಕೋಡ್ ಎಂದು ತಿಳಿಯಿರಿ. ಐದೂವರೆಯನ್ನು ಪೂರ್ಣಾಂಕ ಮಾಡಿ ಅರ್ಧವನ್ನು ಉದುರಿಸಿರುತ್ತಾರೆ. ನೇಪಾಳದವರ ಗೋಳು ಇನ್ನೂ ದೊಡ್ಡದು, ಅವರದು ಐದೂ ಮುಕ್ಕಾಲು.

ಮೂರೂವರೆ ಗಂಟೆಯ ತಪ್ಪು ಸ್ವಾರಸ್ಯದ್ದು. ಐಎಸ್‌ಟಿ ಎಂಬ ಮೂರಕ್ಷರ ನಮ್ಮದೊಂದೇ ಸ್ವತ್ತಲ್ಲ. ಇಸ್ರೇಲಿನವರದೂ ಐಎಸ್‌ಟಿ, ಐರ್ಲೆಂಡಿನವರದೂ ಐಎಸ್‌ಟಿ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮೂಲ ಪಟ್ಟಿಯಲ್ಲಿ ಐಎಸ್‌ಟಿ ಎಂದರೆ ಇಸ್ರೇಲ್, ಅಂದರೆ ಯುಟಿಸಿಗಿಂತ ಎರಡು ಗಂಟೆ ಮುಂದೆ. ಭಾರತದ ಅರ್ಥ ಬೇಕೆಂದರೆ ಬೇರೆ ಪಟ್ಟಿಯನ್ನು ಆರಿಸಿಕೊಳ್ಳುವ ಏರ್ಪಾಡು ಅದರಲ್ಲಿದೆ. ಅದನ್ನು ಮಾಡದೆ ಬೆಳಗ್ಗೆ 10 ಐಎಸ್‌ಟಿ ಎಂದು ಬರೆದಿಟ್ಟರೆ, ಓದುವಾಗ ಮಧ್ಯಾಹ್ನ 1:30 ಆಗಿ ಹೊರಬರುವ ಅಪಾಯವಿದೆ. ನಾನು ಕಂಡಂತೆ ನಮ್ಮ ಕಂಪನಿಗಳ ದಾಖಲೆಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ, ಅತಿ ಕಡಿಮೆ ಅನುಮಾನಕ್ಕೆ ಒಳಗಾಗುವ ಮೂರಕ್ಷರ ಇದು. ಏಷ್ಯಾ/ಕೋಲ್ಕತ್ತ ಎಂದು ವಲಯದ ಪೂರ್ತಿ ಹೆಸರು ಬರೆದರೆ ಗೊಂದಲವೇ ಇಲ್ಲ. ಬೆಂಗಳೂರಿನಲ್ಲಿ ಕೂತು ಕೋಲ್ಕತ್ತ ಎಂದು ಬರೆಯಲು ಕೆಲವರಿಗೆ ಮನಸ್ಸು ಬರುವುದಿಲ್ಲ. ಏನು ಮಾಡುವುದು, ಭಾರತಕ್ಕೆಲ್ಲ ಒಂದೇ ವಲಯ, ಪಟ್ಟಿಯಲ್ಲಿ ಅದಕ್ಕೆ ಸಿಕ್ಕ ಹೆಸರು ಅದು.

ಆ ಹೆಸರಿನ ಹಿಂದೆ ಒಂದು ಹಳೆಯ ಕಾಲ ಕೂತಿದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರು ಯಾವತ್ತಾದರೂ 23 ನಿಮಿಷದ ವಿಚಿತ್ರ ತಪ್ಪು ಕಂಡಿದ್ದರೆ ಕಾರಣ ಇದೇ. ಇಡೀ ದೇಶಕ್ಕೆಂದು ಒಂದೇ ಸಮಯ ಗೊತ್ತುಮಾಡಿದ್ದು 1906ರ ಜನವರಿ 1ರಂದು, 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧಾರವಾಗಿ ಇಟ್ಟುಕೊಂಡು. ಅದಕ್ಕೂ ಮುಂಚೆ ಕಲ್ಕತ್ತೆಗೆ ಕಲ್ಕತ್ತೆಯ ಸಮಯ, ಬೊಂಬಾಯಿಗೆ ಬೊಂಬಾಯಿಯದು, ರೈಲುಗಳಿಗೆ ಮದರಾಸಿನದು. ಕಲ್ಕತ್ತೆಯ ಸ್ಥಳೀಯ ಸಮಯ ಗ್ರೀನಿಚ್‌ಗಿಂತ 5 ಗಂಟೆ 53 ನಿಮಿಷ 28 ಸೆಕೆಂಡು ಮುಂದೆ. ಜಗತ್ತಿನ ಎಲ್ಲ ವಲಯಗಳ ಇತಿಹಾಸವನ್ನು ಕೂಡಿಟ್ಟಿರುವ ದತ್ತಾಂಶ ಭಂಡಾರವೊಂದಿದೆ. ಆರ್ಥರ್ ಡೇವಿಡ್ ಓಲ್ಸನ್ ಶುರುಮಾಡಿದ, ಪಾಲ್ ಎಗರ್ಟ್ ಮುಂದುವರಿಸಿದ ಈ ಟಿಝಡ್ ಡೇಟಾಬೇಸಿನಲ್ಲಿ ನಮ್ಮ ವಲಯದ ಮೊದಲ ಸಾಲೇ ಆ ಕಲ್ಕತ್ತೆ ಸಮಯ. ಪೈಟಿಝಡ್ ಎಂಬ ಹಳೆಯ ಲೈಬ್ರರಿಯನ್ನು ತಪ್ಪು ರೀತಿಯಲ್ಲಿ ಕರೆದರೆ ಅದು ಇವತ್ತಿನ ತಾರೀಖಿಗೂ ಮೊದಲ ಸಾಲನ್ನೇ ಎತ್ತಿಕೊಂಡು ಬರುತ್ತದೆ. ಐದೂವರೆ ಬರಬೇಕಾದಲ್ಲಿ 5:53 ಬರುತ್ತದೆ. 23 ನಿಮಿಷದ ವ್ಯತ್ಯಾಸ. ಅದರಲ್ಲೇ ಇರುವ ಲೋಕಲೈಸ್ ಎಂಬ ಕ್ರಿಯೆಯ ಮೂಲಕ ಹೋದರೆ ಸರಿಯಾದ ಉತ್ತರ ಸಿಗುತ್ತದೆ. 2020ರಲ್ಲಿ ಬಂದ ಪೈಥಾನ್ 3.9ರಿಂದೀಚೆಗೆ ಝೋನ್‌ಇನ್‌ಫೋ ಎಂಬ ಹೊಸ ಸಾಧನ ಭಾಷೆಯೊಳಗೇ ಇರುವುದರಿಂದ ಹೊಸದಾಗಿ ಬರೆಯುವವರು ಈ ಹೊಂಡಕ್ಕೆ ಬೀಳಬೇಕಾಗಿಲ್ಲ. ಹಳೆಯ ಕೋಡ್ ನೋಡಿಕೊಳ್ಳುವವರು ಬೀಳುತ್ತಲೇ ಇದ್ದಾರೆ.

ಅಂದಹಾಗೆ ಮಧುರೆಯ ಸೂರ್ಯನೂ ನಮ್ಮ ಗಡಿಯಾರದ ಮಾತು ಕೇಳುವುದಿಲ್ಲ. ಊರು 77.5 ಡಿಗ್ರಿಯ ಆಸುಪಾಸಿನಲ್ಲಿದೆ, ಆಧಾರ ರೇಖೆ ಅಲ್ಲಿಂದ ಐದು ಡಿಗ್ರಿ ಪೂರ್ವಕ್ಕೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿನ ನೆತ್ತಿ ಸೂರ್ಯ ಗಡಿಯಾರಕ್ಕಿಂತ ಸರಾಸರಿ 20 ನಿಮಿಷ ತಡ.

ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕಿಡುವ ಡೇಲೈಟ್ ಸೇವಿಂಗ್ ನಮಗೆ ಸಂಬಂಧವಿಲ್ಲದ ವಿಷಯ ಎನ್ನುವವರಿದ್ದಾರೆ. ಎರಡು ಕಾರಣಕ್ಕೆ ಈ ಮಾತು ನಿಲ್ಲುವುದಿಲ್ಲ. ಮೊದಲನೆಯದು, ನಾವೂ ಒಮ್ಮೆ ಗಡಿಯಾರ ಮುಂದಕ್ಕೆ ತಿರುಗಿಸಿದ್ದೇವೆ. ಎರಡನೇ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರ ತನಕ, ದೇಶದ ಗಡಿಯಾರ ಒಂದು ಗಂಟೆ ಮುಂದೆ ನಡೆಯಿತು. ಇದನ್ನು ಪ್ರೋಗ್ರಾಮರುಗಳಿಗಿಂತ ಚೆನ್ನಾಗಿ ಬಲ್ಲವರು ಜೋಯಿಸರು. ಆ ಅವಧಿಯಲ್ಲಿ ಹುಟ್ಟಿದವರ ಜಾತಕ ಬರೆಯುವಾಗ ಜನ್ಮ ಸಮಯದಿಂದ ಒಂದು ಗಂಟೆ ಕಳೆಯುವುದು ಅವರ ರೂಢಿ. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುವುದರಿಂದ ಒಂದು ಗಂಟೆ ಅಂದರೆ ಕೆಲವೊಮ್ಮೆ ಲಗ್ನವೇ ಬೇರೆ. ಜಾತಕದ ಆ್ಯಪ್ ಬರೆಯುವವನು ಭಾರತವೆಂದರೆ ಸದಾ ಐದೂವರೆ ಎಂದು ಕೋಡಿನಲ್ಲಿ ಕೆತ್ತಿಬಿಟ್ಟರೆ 1943ರಲ್ಲಿ ಹುಟ್ಟಿದ ಅಜ್ಜನ ಕುಂಡಲಿ ಕೆಡುತ್ತದೆ. ವಲಯದ ಹೆಸರು ಕೊಟ್ಟಿದ್ದರೆ ಟಿಝಡ್ ಡೇಟಾಬೇಸ್ ಆ ಯುದ್ಧಕಾಲವನ್ನು ತಾನೇ ನೆನಪಿಟ್ಟುಕೊಂಡು ಲೆಕ್ಕ ಹಾಕುತ್ತದೆ. ಆಗ ಇನ್ನೊಂದು ಎಡವಟ್ಟು ಸಾಧ್ಯ: ಜೋಯಿಸರು ಮೊದಲೇ ಒಂದು ಗಂಟೆ ಕಳೆದು ಕೊಟ್ಟಿದ್ದರೆ ಆ್ಯಪ್ ಮತ್ತೊಂದನ್ನು ಕಳೆಯುತ್ತದೆ. ಸಂಸ್ಕಾರ ಎರಡೆರಡು ಸಲ ಆಗುವ ಈ ರೋಗವನ್ನು ಮೇಲೆಯೇ ಕಂಡಿದ್ದೇವೆ.

ಎರಡನೇ ಕಾರಣ ಇವತ್ತಿನದು. ನಮ್ಮ ಹುಡುಗರು ನೋಡಿಕೊಳ್ಳುವ ಸರ್ವರುಗಳಲ್ಲಿ ಅಮೆರಿಕ, ಯುರೋಪಿನ ಗ್ರಾಹಕರವು ಸಾಕಷ್ಟಿವೆ. ಅಮೆರಿಕದಲ್ಲಿ 2007ರಿಂದ ಜಾರಿಯಲ್ಲಿರುವ ನಿಯಮದಂತೆ ಮಾರ್ಚ್ ತಿಂಗಳ ಎರಡನೇ ಭಾನುವಾರ ನಸುಕಿನ 2 ಗಂಟೆಗೆ ಗಡಿಯಾರ 3ಕ್ಕೆ ಹಾರುತ್ತದೆ. ನವೆಂಬರಿನ ಮೊದಲ ಭಾನುವಾರ 2ರಿಂದ ಮತ್ತೆ 1ಕ್ಕೆ ಬರುತ್ತದೆ. ಯುರೋಪಿನವರು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಬದಲಿಸುತ್ತಾರೆ. ಇಬ್ಬರೂ ಒಂದೇ ದಿನ ಬದಲಿಸಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು. 2026ರಲ್ಲಿ ಅಮೆರಿಕ ಮಾರ್ಚ್ 8ಕ್ಕೆ, ಯುರೋಪ್ ಮಾರ್ಚ್ 29ಕ್ಕೆ. ನಡುವಿನ ಮೂರು ವಾರ ನ್ಯೂಯಾರ್ಕ್–ಲಂಡನ್ ಅಂತರ ಐದು ಗಂಟೆಯ ಬದಲು ನಾಲ್ಕು. ನ್ಯೂಯಾರ್ಕಿನ ಬೆಳಗ್ಗೆ 9ರ ಸಭೆ ಚಳಿಗಾಲದಲ್ಲಿ ನಮಗೆ ಸಂಜೆ 7:30ಕ್ಕೆ, ಬೇಸಿಗೆಯಲ್ಲಿ 6:30ಕ್ಕೆ. ಮಾರ್ಚಿನ ಆ ಬದಲಾವಣೆಯ ಮರುದಿನ, ಸೋಮವಾರ, ಒಂದು ಗಂಟೆ ತಡವಾಗಿ ಬಂದು ಕ್ಷಮೆ ಕೇಳುವವರನ್ನು ಕಂಡಿರುತ್ತೀರಿ. ಸ್ಕ್ರಿಪ್ಟುಗಳು ಕ್ಷಮೆಯನ್ನೂ ಕೇಳುವುದಿಲ್ಲ.

ನ್ಯೂಯಾರ್ಕ್ ಸಮಯದಲ್ಲಿ ಓಡುವ ಸರ್ವರಿನಲ್ಲಿ ರಾತ್ರಿ 2:30ಕ್ಕೆ ಬ್ಯಾಕಪ್ ಇಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಮಾರ್ಚಿನ ಆ ಭಾನುವಾರ 2:30 ಎಂಬ ಹೊತ್ತೇ ಇರುವುದಿಲ್ಲ. ನವೆಂಬರಿನ ಭಾನುವಾರ 1:30 ಎರಡು ಸಲ ಬರುತ್ತದೆ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂಬುದರಲ್ಲಿ ಕೆಲಸ ಹಚ್ಚುವ ಸಾಫ್ಟ್‌ವೇರುಗಳಿಗೆ ಒಮ್ಮತವಿಲ್ಲ. ಲಿನಕ್ಸಿನ ಕೆಲವು ಕ್ರಾನ್‌ಗಳು ಜಾಣತನದಿಂದ, ತಪ್ಪಿದ ಕೆಲಸವನ್ನು ಗಡಿಯಾರ ಹಾರಿದ ಕೂಡಲೇ ಓಡಿಸುತ್ತವೆ, ಮರಳಿ ಬಂದ ಗಂಟೆಯಲ್ಲಿ ಎರಡನೇ ಸಲ ಓಡಿಸುವುದಿಲ್ಲ. ಕೆಲವು ಶೆಡ್ಯೂಲರುಗಳು ಸುಮ್ಮನೆ ಬಿಟ್ಟುಬಿಡುತ್ತವೆ, ಕೆಲವು ಎರಡು ಸಲ ಓಡಿಸುತ್ತವೆ. ಬ್ಯಾಕಪ್ ಎರಡು ಸಲ ಆದರೆ ನಷ್ಟವಿಲ್ಲ. ಸಂಬಳದ ಹಣ ಎರಡು ಸಲ ಹೋದರೆ? ಇದಕ್ಕೆ ನನ್ನ ತೀರ್ಪು ಸರಳ. ಗಡಿಯಾರ ಬದಲಿಸುವ ದೇಶದ ಸಮಯದಲ್ಲಿ 1ರಿಂದ 3ರ ನಡುವೆ ಯಾವ ಮುಖ್ಯ ಕೆಲಸವನ್ನೂ ಇಡಬೇಡಿ. ಸಾಧ್ಯವಿದ್ದರೆ ಸರ್ವರನ್ನೇ ಯುಟಿಸಿಗೆ ಇಡಿ. ಜೊತೆಗೆ, ಒಂದೇ ಕೆಲಸ ಎರಡು ಸಲ ಓಡಿದರೂ ಫಲ ಒಂದೇ ಬಾರಿ ಆಗುವಂತೆ ಕೋಡ್ ಬರೆಯಿರಿ.

ಇನ್ನೊಂದು ಕಡೆ ಎಡವುತ್ತೇವೆ. ನಾಳೆ ಎಂದರೆ ಇವತ್ತಿಗೆ 86,400 ಸೆಕೆಂಡು ಕೂಡಿಸಿದ್ದು ಎಂದು ನಂಬಿ ಬರೆದ ಸ್ಕ್ರಿಪ್ಟುಗಳು ಎಷ್ಟೋ. ಭಾರತದಲ್ಲಿ ಅದು ನಡೆಯುತ್ತದೆ. ನ್ಯೂಯಾರ್ಕಿನಲ್ಲಿ ಮಾರ್ಚಿನ ಆ ದಿನಕ್ಕೆ 23 ಗಂಟೆ, ನವೆಂಬರಿನದಕ್ಕೆ 25. ಒಂದು ದಿನ ಕೂಡಿಸಬೇಕೆಂದರೆ ಲೈಬ್ರರಿಗೆ ಒಂದು ದಿನ ಎಂದೇ ಹೇಳಿ, ಸೆಕೆಂಡುಗಳ ಲೆಕ್ಕ ಅದಕ್ಕೇ ಬಿಡಿ.

ಹಾಗಾದರೆ ಎಲ್ಲವನ್ನೂ ಯುಟಿಸಿಯಲ್ಲಿ ಇಟ್ಟರೆ ಮುಗಿಯಿತೇ? ಮುಗಿಯುವುದಿಲ್ಲ. ಪಂಚಾಂಗವೇ ಇದನ್ನು ಚೆನ್ನಾಗಿ ತಿಳಿಸುತ್ತದೆ. ತಿಥಿ ಮುಗಿಯುವ ಕ್ಷಣ ಜಗತ್ತಿಗೆಲ್ಲ ಒಂದೇ. ಮಧುರೆಗೂ ಡಲ್ಲಾಸ್‌ಗೂ ಅದು ಒಟ್ಟಿಗೇ ಮುಗಿಯುತ್ತದೆ. ಆದರೆ ಸೂರ್ಯೋದಯ ಊರೂರಿಗೆ ಬೇರೆ. ಹಾಗಾಗಿಯೇ ಅಮೆರಿಕದ ಕನ್ನಡಿಗರ ಮನೆಯಲ್ಲಿ ಹಬ್ಬ ಕೆಲವೊಮ್ಮೆ ನಮಗಿಂತ ಬೇರೆ ತಾರೀಖಿಗೆ ಬೀಳುತ್ತದೆ, ಇಲ್ಲಿನ ಕ್ಯಾಲೆಂಡರ್ ನೋಡಿ ಅಲ್ಲಿ ಏಕಾದಶಿ ಮಾಡುವವರಿಗೆ ಗೊಂದಲವಾಗುತ್ತದೆ. ಕಂಪ್ಯೂಟರಿನಲ್ಲೂ ಈ ಎರಡು ಜಾತಿಯನ್ನು ಬೇರೆ ಮಾಡಬೇಕು. ಹಣ ಜಮೆಯಾದದ್ದು, ಲಾಗಿನ್ ಆದದ್ದು, ರಸೀದಿ ಹರಿದದ್ದು ಇವೆಲ್ಲ ಕ್ಷಣಗಳು. ಯುಟಿಸಿಯಲ್ಲಿ ಬರೆದಿಡಿ, ತೋರಿಸುವಾಗ ನೋಡುವವರ ಊರಿನ ಸಮಯಕ್ಕೆ ತಿರುಗಿಸಿ. ಬರುವ ವರ್ಷ ಬೆಳಗ್ಗೆ 9ಕ್ಕೆ ಷಿಕಾಗೋದಲ್ಲಿ ಸಭೆ ಎನ್ನುವುದು ಹಾಗಲ್ಲ. ಅದನ್ನು ಊರಿನ ಗಡಿಯಾರದ ಹೊತ್ತು, ವಲಯದ ಹೆಸರು ಎರಡನ್ನೂ ಸೇರಿಸಿ ಇಡಬೇಕು. ಯಾಕೆಂದರೆ ಸರ್ಕಾರಗಳು ನಡುವೆ ನಿಯಮ ಬದಲಿಸುತ್ತವೆ. ಮೆಕ್ಸಿಕೋ 2022ರಲ್ಲಿ ದೇಶದ ಬಹುಭಾಗದಲ್ಲಿ ಡೇಲೈಟ್ ಸೇವಿಂಗ್ ಕೈಬಿಟ್ಟಿತು. ಲೆಬನಾನ್ 2023ರ ಮಾರ್ಚಿನಲ್ಲಿ ಅದರ ಆರಂಭವನ್ನು ಕೊನೆ ಗಳಿಗೆಯಲ್ಲಿ ಮುಂದೂಡಿ, ವಿರೋಧ ಬಂದ ಮೇಲೆ ಹಿಂದೆ ಸರಿಯಿತು. ಕೆಲವು ದಿನ ಒಂದೇ ದೇಶದಲ್ಲಿ ಎರಡು ಗಡಿಯಾರ ನಡೆದವು. ನಮ್ಮಲ್ಲೂ ಅಸ್ಸಾಮಿನ ಚಹಾ ತೋಟಗಳು ಹಿಂದಿನಿಂದಲೂ ಒಂದು ಗಂಟೆ ಮುಂದಿನ ತೋಟದ ಸಮಯ ಇಟ್ಟುಕೊಂಡಿವೆ. ಭಾರತಕ್ಕೆ ಎರಡು ವಲಯ ಬೇಕೆಂಬ ವಾದವೂ ಆಗಾಗ ಏಳುತ್ತದೆ. ಅದು ಎಂದಾದರೂ ಜಾರಿಯಾದರೆ ಐದೂವರೆಯನ್ನು ಕೈಯಿಂದ ಕೂಡಿಸಿದ ಕೋಡುಗಳ ಪಾಡು ನೋಡಲಾಗದು.

ಮೂರನೇ ಜಾತಿ ಹುಟ್ಟಿದ ದಿನಾಂಕ. ಅದು ಕ್ಷಣವೂ ಅಲ್ಲ, ಅದಕ್ಕೆ ವಲಯವೂ ಇಲ್ಲ. ಆದರೆ ಬ್ರೌಸರ್ ಕೆಲವೊಮ್ಮೆ ಆಗಸ್ಟ್ 14 ಎಂಬುದನ್ನು ಭಾರತದ ನಡುರಾತ್ರಿ ಎಂದು ಓದಿ, ಯುಟಿಸಿಗೆ ತಿರುಗಿಸಿ, ಆಗಸ್ಟ್ 13ರ 18:30 ಎಂದು ಕಳಿಸುತ್ತದೆ. ಗಂಟೆಯನ್ನು ಕತ್ತರಿಸಿ ದಿನಾಂಕ ಮಾತ್ರ ಉಳಿಸಿಕೊಂಡರೆ ಮಗು ಒಂದು ದಿನ ಮೊದಲೇ ಹುಟ್ಟಿಬಿಡುತ್ತದೆ. ಅರ್ಜಿ ನಮೂನೆಗಳಲ್ಲಿ ದಿನಾಂಕ ಒಂದು ದಿನ ಹಿಂದೆ ಸರಿದು ಅಲೆದಾಡಿದವರಿಗೆ ಇದರ ಬಿಸಿ ಗೊತ್ತು. ಲಾಗಿನಲ್ಲಿ 18:30 ಪದೇ ಪದೇ ಕಂಡರೆ ಅದು ಭಾರತದ ನಡುರಾತ್ರಿಯ ಹೆಜ್ಜೆ ಗುರುತು. ಹಾಗೆಯೇ ಪರದೆಯ ಮೇಲೆ 1970ರ ಜನವರಿ 1, ಬೆಳಗ್ಗೆ 5:30 ಎಂದು ಬಂದರೆ ಗಾಬರಿ ಬೇಡ. ದಿನಾಂಕ ಖಾಲಿ ಇದೆ, ಕಂಪ್ಯೂಟರ್ ತನ್ನ ಎಣಿಕೆಯ ಸೊನ್ನೆಯನ್ನು ನಮ್ಮ ಸಮಯದಲ್ಲಿ ತೋರಿಸುತ್ತಿದೆ ಅಷ್ಟೆ.

ಯುಟಿಸಿಯನ್ನೂ ಊರಿನ ಸಮಯವನ್ನೂ ಬೇರೆ ಬೇರೆ ಇಡುವ ಕೆಲಸವನ್ನು ದಿನವೂ ಅಚ್ಚುಕಟ್ಟಾಗಿ ಮಾಡುವ ಜಾಗ ನಮ್ಮ ಜಿಲ್ಲೆಯಲ್ಲೇ ಇದೆ. ದೇವನಹಳ್ಳಿಯ ವಿಮಾನ ನಿಲ್ದಾಣದ ಹವಾಮಾನ ವರದಿ ಹೊರಡುವುದು ಯುಟಿಸಿಯಲ್ಲಿ, ಪೈಲಟ್‌ಗಳ ಹಾರಾಟ ಯೋಜನೆಯೂ ಯುಟಿಸಿಯಲ್ಲಿ. ಪ್ರಯಾಣಿಕರ ಟಿಕೆಟಿನಲ್ಲಿ ಮಾತ್ರ ಹೊರಡುವ ಊರಿನ, ಇಳಿಯುವ ಊರಿನ ಸ್ಥಳೀಯ ಸಮಯ.

ತಪ್ಪು ಎಲ್ಲಿ ಸೇರಿಕೊಂಡಿತು ಎಂದು ಹುಡುಕಲು ನೀರಿನ ಪೈಪಿನಲ್ಲಿ ಸೋರಿಕೆ ಹುಡುಕುವಂತೆ ಮೇಲಿನಿಂದ ಕೆಳಗೆ ಬನ್ನಿ. ಸರ್ವರಿನಲ್ಲಿ ಡೇಟ್ ಎಂಬ ಆದೇಶ ಕೊಟ್ಟು ನೋಡಿ. ಐಎಸ್‌ಟಿ ಅಥವಾ ಯುಟಿಸಿ ಎಂದು ಬರಬೇಕಾದ ಜಾಗದಲ್ಲಿ ಬರೀ ಏಷ್ಯಾ ಎಂದು ಬಂದರೆ, ಆ ಯಂತ್ರದಲ್ಲಿ ವಲಯಗಳ ಕಡತವೇ ಇಲ್ಲ ಅಥವಾ ಹೆಸರಿನ ಕಾಗುಣಿತ ತಪ್ಪಿದೆ ಎಂದರ್ಥ. ಸಾಮಾನ್ಯ ಲಿನಕ್ಸ್ ಆಗ ದೂರು ಕೊಡದೆ ಯುಟಿಸಿಯನ್ನೇ ತೋರಿಸುತ್ತದೆ. ಹಗುರಾಗಲೆಂದು ಎಲ್ಲವನ್ನೂ ಕಿತ್ತು ಹಾಕಿದ ಕಂಟೇನರುಗಳಲ್ಲಿ ವಲಯಗಳ ಕಡತ ಇಲ್ಲದಿರುವುದು ಸಾಮಾನ್ಯ. ಸರ್ವರಿನ ವಲಯ ಬದಲಿಸಿದ ಮೇಲೆ ಕ್ರಾನನ್ನು ಮತ್ತೆ ಶುರುಮಾಡಲು ಮರೆಯಬೇಡಿ, ಅದು ಹಳೆಯ ವಲಯವನ್ನೇ ಹಿಡಿದು ಕೂತಿರಬಹುದು. ಆಮೇಲೆ ಡೇಟಾಬೇಸಿಗೆ ಈಗೆಷ್ಟು ಹೊತ್ತು ಎಂದು ಕೇಳಿ. ಮೈಎಸ್‌ಕ್ಯೂಎಲ್‌ನಲ್ಲಿ ಟೈಮ್‌ಸ್ಟ್ಯಾಂಪ್ ಎಂಬ ಬಗೆ ವಲಯ ನೋಡಿ ಬದಲಾಗುತ್ತದೆ, ಡೇಟ್‌ಟೈಮ್ ಎಂಬುದು ಕೊಟ್ಟದ್ದನ್ನೇ ಇಟ್ಟುಕೊಳ್ಳುತ್ತದೆ. ಒಂದೇ ಟೇಬಲಿನಲ್ಲಿ ಎರಡನ್ನೂ ಬೆರೆಸಿದವರು ಅನುಭವಿಸುತ್ತಾರೆ. ಕೊನೆಗೆ ಬ್ರೌಸರ್. ಮೊದಲ ಸಲ ಸಂಖ್ಯೆ ಕೆಟ್ಟದ್ದು ಎಲ್ಲಿ ಎಂದು ಕಂಡ ಮೇಲೆ ಅಲ್ಲಿ ಮಾತ್ರ ಕೈ ಹಾಕಿ. ತಪ್ಪಿರುವ ಜಾಗ ಬಿಟ್ಟು ಕೊನೆಯ ಪುಟದಲ್ಲಿ ಐದೂವರೆ ಗಂಟೆ ಕೂಡಿಸಿ ಸರಿ ಮಾಡುವ ಅಭ್ಯಾಸ ನಮ್ಮಲ್ಲಿ ವಿಪರೀತ. ಮುಂದೆ ಬಂದವನು ಮೂಲವನ್ನು ಸರಿಪಡಿಸಿದ ದಿನ ಅದೇ ಹೊಸ ತಪ್ಪಾಗುತ್ತದೆ.

ವ್ಯತ್ಯಾಸ ಕೆಲವೇ ಸೆಕೆಂಡಿನದೋ, ಯಾವ ಲೆಕ್ಕಕ್ಕೂ ಸಿಗದ ಏಳೆಂಟು ನಿಮಿಷದ್ದೋ ಆಗಿದ್ದರೆ ಅದು ವಲಯದ ತಪ್ಪಲ್ಲ, ಗಡಿಯಾರವೇ ಜಾರಿದೆ. ಅದಕ್ಕೆ ಮದ್ದು ಎನ್‌ಟಿಪಿ ಮೂಲಕ ಸಮಯ ತಾಳೆ ಮಾಡಿಸುವುದು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ, ದೇಶದ ಸೇವಾದಾರರೂ ಡೇಟಾ ಸೆಂಟರುಗಳೂ ತಮ್ಮ ಗಡಿಯಾರಗಳನ್ನು ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಅಥವಾ ಎನ್‌ಐಸಿಯ ಸಮಯಕ್ಕೆ, ಇಲ್ಲವೇ ಅವಕ್ಕೆ ತಾಳೆಯಾಗುವ ಸರ್ವರುಗಳಿಗೆ ಹೊಂದಿಸಿಕೊಳ್ಳಬೇಕೆಂದು ಹೇಳಿದೆ.

2026ರಲ್ಲಿ ಅಮೆರಿಕದ ಗಡಿಯಾರ ಹಿಂದಕ್ಕೆ ಸರಿಯುವುದು ನವೆಂಬರ್ 1ರ ಭಾನುವಾರ. ನ್ಯೂಯಾರ್ಕಿನಲ್ಲಿ ಅದು ನಡೆಯುವಾಗ ನಮ್ಮಲ್ಲಿ ಬೆಳಗ್ಗೆ 11:30, ಕ್ಯಾಲಿಫೋರ್ನಿಯಾದಲ್ಲಿ ನಡೆಯುವಾಗ ಮಧ್ಯಾಹ್ನ 2:30. ನಿಮ್ಮ ಕ್ರಾನ್ ಪಟ್ಟಿಯನ್ನು ಅದರ ಹಿಂದಿನ ಶುಕ್ರವಾರವೇ ಒಮ್ಮೆ ತೆರೆದು ನೋಡಿ.